ಪೆಟ್ಟಿಗೆಯೊಳಗಿನ +1 ಖಡ್ಗ ಸಾಕು: ಪಾತ್ರಗಳಿಗೆ ಸಾಮಾನು ಕೊಡುವ ಬೇರೆ ದಾರಿಗಳು

ಡಂಜನ್ಸ್ ಆಂಡ್ ಡ್ರ್ಯಾಗನ್ಸ್ ಮೇಜಿನ ಸುತ್ತ ಕುಳಿತು ಆಡುವ ಕಥೆಯ ಆಟ: ಒಬ್ಬರು (ಡಂಜನ್ ಮಾಸ್ಟರ್) ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರ ವಹಿಸಿ ದಾಳ ಉರುಳಿಸುತ್ತಾರೆ. ಅದನ್ನು ನಡೆಸುವವರಲ್ಲಿ ಹೆಚ್ಚಿನವರು ಬಹುಮಾನ ಕೊಡುವುದು ಒಂದೇ ರೀತಿಯಲ್ಲಿ. ಗುಹೆಯ ಕೊನೆಯ ಕೋಣೆಯಲ್ಲಿ ದೈತ್ಯ ಸಾಯುತ್ತಾನೆ, ಮೂಲೆಯಲ್ಲೊಂದು ಪೆಟ್ಟಿಗೆ ಸಿಗುತ್ತದೆ, ಅದರೊಳಗೆ ಒಂದಷ್ಟು ಚಿನ್ನದ ನಾಣ್ಯ, ಎರಡು ಸೀಸೆ ಮದ್ದು, ಒಂದು +1 ಖಡ್ಗ, ಎಂದರೆ ದಾಳದ ಎಣಿಕೆಗೆ ಒಂದು ಅಂಕ ಸೇರಿಸುವ ಮಾಂತ್ರಿಕ ಖಡ್ಗ. ಯೋಧನ ಪಾತ್ರ ವಹಿಸಿದವರು ಖಡ್ಗವನ್ನು ಪಾತ್ರದ ವಿವರವಿರುವ ತಮ್ಮ ಹಾಳೆಯಲ್ಲಿ ಬರೆದುಕೊಳ್ಳುತ್ತಾರೆ. ಹದಿನೈದು ನಾಣ್ಯದ ಹಳೆಯ ಖಡ್ಗವನ್ನು ಅರ್ಧ ಬೆಲೆಗೆ ಮಾರುತ್ತಾರೆ. ಕೆಲವು ವಾರ ಬಿಟ್ಟು ಆ +1 ಖಡ್ಗ ಎಲ್ಲಿ ಸಿಕ್ಕಿತು ಎಂದು ಕೇಳಿ ನೋಡಿ. ಮೇಜಿನ ಸುತ್ತ ಕುಳಿತ ಯಾರಿಗೂ ನೆನಪಿರುವುದಿಲ್ಲ.

ಈ ಅಭ್ಯಾಸಕ್ಕೆ ಹಳೆಯ ಕಾರಣವಿದೆ. 1974ರಲ್ಲಿ ಆಟ ಮೊದಲು ಅಚ್ಚಾದಾಗ, ನೆಲಮಾಳಿಗೆಯಿಂದ ಹೊತ್ತು ತಂದ ಒಂದೊಂದು ಚಿನ್ನದ ನಾಣ್ಯಕ್ಕೂ ಒಂದೊಂದು ಅನುಭವದ ಅಂಕ ಸಿಗುತ್ತಿತ್ತು. ಪೆಟ್ಟಿಗೆ ತೆರೆಯುವುದೇ ಅಂದು ಪಾತ್ರ ಬೆಳೆಯುವ ದಾರಿಯಾಗಿತ್ತು. 2014ರ ಐದನೇ ಆವೃತ್ತಿಯ ಹೊತ್ತಿಗೆ ಆ ನಿಯಮ ಹೋಗಿತ್ತು, ಪೆಟ್ಟಿಗೆ ಮಾತ್ರ ಮೂಲೆಯಲ್ಲೇ ಉಳಿದಿತ್ತು.

ನಾನು ಹೊಟ್ಟೆಪಾಡಿಗೆ ಲೆಕ್ಕಪತ್ರ ತಪಾಸಣೆ ಮಾಡುವವಳು. ದಾಸ್ತಾನು ಪುಸ್ತಕ ಕೈಗೆ ಬಂದರೆ ನನ್ನ ಕಣ್ಣು ಮೊದಲು ಹೋಗುವುದು ವಸ್ತುವಿನ ಬೆಲೆಗಲ್ಲ, ‘ಯಾರಿಂದ ಬಂತು, ಯಾರ ವಶದಲ್ಲಿದೆ’ ಎಂಬ ಎರಡು ಕಾಲಂಗಳಿಗೆ. ಶನಿವಾರ ಸಂಜೆ ಜಯನಗರದ ನಮ್ಮ ಮನೆಯಲ್ಲಿ ಸೇರುವ ಆಟದ ಮೇಜಿಗೂ ಅದೇ ಚಟವನ್ನು ತಂದಿದ್ದೇನೆ. ಬಹುಮಾನ ಚೆನ್ನಾಗಿತ್ತೇ ಎಂದು ನೋಡಲು ನನಗಿರುವ ಪರೀಕ್ಷೆ ಒಂದೇ: ಆ ವಸ್ತುವನ್ನು ಪಡೆಯಲು ಅಥವಾ ಉಳಿಸಿಕೊಳ್ಳಲು ಆಟಗಾರರು ಏನನ್ನಾದರೂ ತೀರ್ಮಾನಿಸಬೇಕಾಯಿತೇ? ತೀರ್ಮಾನಿಸಿದ್ದರೆ ಅದು ನೆನಪಿನಲ್ಲಿ ಉಳಿಯುತ್ತದೆ. ಬರೀ ಎತ್ತಿಕೊಂಡಿದ್ದರೆ ಹಾಳೆಯ ಮೇಲಿನ ಒಂದು ಸಾಲಾಗಿ ಉಳಿಯುತ್ತದೆ, ಅಷ್ಟೇ.

ಕೈಯಲ್ಲಿರುವುದನ್ನೇ ಬೆಳೆಸುವುದು

ನಾನು ಅತಿ ಹೆಚ್ಚು ನೆಚ್ಚಿಕೊಂಡಿರುವ ದಾರಿ ಇದು. ಆದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. ಹೊಸ ಆಯುಧ ಕೊಡುವ ಬದಲು ಪಾತ್ರದ ಬಳಿ ಮೊದಲ ದಿನದಿಂದ ಇರುವ ಆಯುಧದಲ್ಲೇ ಹೊಸದೊಂದು ಶಕ್ತಿ ಕಾಣಿಸಿಕೊಳ್ಳಲಿ.

ಈ ಉಪಾಯ ನನ್ನದಲ್ಲ. 1993ರಲ್ಲಿ ಬಂದ ಅರ್ಥ್‌ಡಾನ್ ಎಂಬ ಆಟದಲ್ಲಿ ಮಾಂತ್ರಿಕ ವಸ್ತುವಿನ ಮುಂದಿನ ಹಂತ ತೆರೆದುಕೊಳ್ಳಬೇಕಾದರೆ ಅದರ ಚರಿತ್ರೆಯನ್ನು ಪತ್ತೆ ಮಾಡಬೇಕು: ಅದರ ಹೆಸರೇನು, ಯಾರು ಮಾಡಿದ್ದು, ಯಾವ ಕದನ ಕಂಡಿದೆ. ಬರೀ ಅಂಕ ಖರ್ಚು ಮಾಡಿದರೆ ಸಾಲದು, ಹೋಗಿ ತಿಳಿದುಕೊಂಡು ಬರಬೇಕು. ಡಂಜನ್ಸ್ ಆಂಡ್ ಡ್ರ್ಯಾಗನ್ಸ್ ಆಟದಲ್ಲಿಯೂ, ಕಥೆ ನಡೆಯುವ ಪ್ರಪಂಚವೊಂದನ್ನು ಪರಿಚಯಿಸುವ 2020ರ ಪುಸ್ತಕದಲ್ಲಿ ಸುಪ್ತ, ಜಾಗೃತ, ಉನ್ನತ ಎಂಬ ಮೂರು ಸ್ಥಿತಿಗಳಲ್ಲಿ ಬೆಳೆಯುವ ಆಯುಧಗಳಿವೆ. ಅವು ಪುರಾಣಪ್ರಸಿದ್ಧ ಆಯುಧಗಳು. ನಾನು ಅದೇ ಏಣಿಯನ್ನು ಹತ್ತು ನಾಣ್ಯದ ಕೊಡಲಿಗೆ ಇಡುತ್ತೇನೆ.

ಆಟದ ಮೊದಲ ಸಂಜೆ ಎಲ್ಲರಿಗೂ ಒಂದು ಪ್ರಶ್ನೆ ಹಾಕಿ: ನಿಮ್ಮ ಸಾಮಾನಿನಲ್ಲಿ ಎಷ್ಟು ಹಣ ಕೊಟ್ಟರೂ ಮಾರದ ವಸ್ತು ಯಾವುದು, ಅದು ನಿಮಗಿಂತ ಮೊದಲು ಯಾರದಾಗಿತ್ತು? ನಮ್ಮಲ್ಲಿ ಕುಬ್ಜ ಯೋಧನಾಗಿ ಆಡುವ ಎಂಜಿನಿಯರ್ ಗೆಳೆಯ ತನ್ನ ಕೊಡಲಿ ಅಜ್ಜಿಯದು, ಅಜ್ಜಿ ಗಣಿಯ ಬಾಗಿಲು ಕಾಯುತ್ತಿದ್ದಳು ಎಂದ. ಅಷ್ಟು ಸಾಕು. ಉಳಿದದ್ದನ್ನು ಆಟ ನಡೆಸುವವರು ಹೆಣೆಯಬೇಕು.

ಪಾತ್ರ ಮೂರನೇ ಲೆವೆಲ್, ಎಂದರೆ ಬೆಳವಣಿಗೆಯ ಮೂರನೇ ಮೆಟ್ಟಿಲು, ತಲುಪುವ ಸುಮಾರಿಗೆ ಒಂದು ಸಣ್ಣ ಗುಣವನ್ನು ತೋರಿಸಿ. ಐದನೇ ಆವೃತ್ತಿಯ ಡಂಜನ್ ಮಾಸ್ಟರ್ ಕೈಪಿಡಿಯಲ್ಲಿ ಇಂತಹ ಪುಟ್ಟ ಗುಣಗಳ ಪಟ್ಟಿಯೇ ಇದೆ, ಬಹಳ ಮಂದಿ ಅದನ್ನು ತೆರೆದು ನೋಡುವುದಿಲ್ಲ. ಉತ್ತರ ದಿಕ್ಕು ತೋರಿಸುವುದು ಅದರಲ್ಲೊಂದು; ಗೊತ್ತಾದ ಶತ್ರು 120 ಅಡಿಯೊಳಗೆ ಬಂದರೆ ಮಂಕಾಗಿ ಹೊಳೆಯುವುದು ಇನ್ನೊಂದು. ಅಜ್ಜಿಯ ಕೊಡಲಿ ಗಾಬ್ಲಿನ್ ಎಂಬ ಪುಟ್ಟ ರಾಕ್ಷಸರು ಹತ್ತಿರ ಬಂದಾಗ ಹೊಳೆಯತೊಡಗಿತು. ಯುದ್ಧದ ಲೆಕ್ಕಕ್ಕೆ ಇದರಿಂದ ಏನೂ ಸೇರುವುದಿಲ್ಲ. ಆದರೆ ಆ ಗೆಳೆಯ ಅಂದಿನಿಂದ ಪ್ರತಿ ಬಾಗಿಲ ಮುಂದೆ “ಕೊಡಲಿ ಏನು ಹೇಳುತ್ತದೆ?” ಎಂದು ಕೇಳುವುದನ್ನು ಬಿಟ್ಟಿಲ್ಲ.

ಎರಡನೇ ಹಂತಕ್ಕೆ ಒಂದು ಕೆಲಸ ಅಂಟಿರಲಿ. ಆರನೇ ಲೆವೆಲ್‌ನ ಹೊತ್ತಿಗೆ ಕೊಡಲಿಯ ಹಿಡಿಯ ಮೇಲೆ ಸವೆದುಹೋಗಿದ್ದ ಅಕ್ಷರಗಳನ್ನು ಓದಬಲ್ಲ ಮುದಿ ಕಮ್ಮಾರನೊಬ್ಬ ಸಿಕ್ಕ. ಅಜ್ಜಿ ತನ್ನ ಕಾವಲಿನ ಕೊನೆಯ ರಾತ್ರಿ ಗಣಿ ಬಿಟ್ಟು ಓಡಿದ್ದಳು ಎಂಬುದು ಅದರಿಂದ ತಿಳಿಯಿತು. ಆ ಒಂದು ರಾತ್ರಿಯ ಕಾವಲನ್ನು ಮೊಮ್ಮಗ ಹೋಗಿ ಪೂರೈಸಿದರೆ ಕೊಡಲಿ +1 ಆಗುತ್ತದೆ. ಗಣಿ ಇದ್ದದ್ದು ಕಥೆ ಸಾಗುತ್ತಿದ್ದ ದಿಕ್ಕಿಗೆ ವಿರುದ್ಧವಾಗಿ. ಹೋಗಬೇಕೇ ಬೇಡವೇ ಎಂದು ನಾಲ್ವರೂ ಚರ್ಚಿಸಿದ್ದು ಆ ಸಂಜೆಯ ಅತ್ಯುತ್ತಮ ಭಾಗ, ಅದರಲ್ಲಿ ನಾನು ಬಾಯಿ ಹಾಕಲೇ ಇಲ್ಲ.

ಇನ್ನೂ ಮುಂದಿನ ಹಂತಗಳಲ್ಲಿ ಅಂಕ ಏರಿಸುವುದಕ್ಕಿಂತ ಅಗಲ ಹೆಚ್ಚಿಸಿ. ಇದು ಲೆಕ್ಕದ ಮಾತು. ಐದನೇ ಆವೃತ್ತಿಯಲ್ಲಿ ಪಾತ್ರವೊಂದು ಇಪ್ಪತ್ತು ಲೆವೆಲ್ ದಾಟುವಷ್ಟರಲ್ಲಿ ದಾಳದ ಎಣಿಕೆಗೆ ಸೇರುವ ಅದರ ಪ್ರಾವೀಣ್ಯದ ಬೋನಸ್ +2ರಿಂದ +6ಕ್ಕೆ ಏರುತ್ತದೆ, ಎಂದರೆ ಒಟ್ಟು ನಾಲ್ಕೇ ಅಂಕ. ಒಂದು +3 ಖಡ್ಗ ಅದರ ಮುಕ್ಕಾಲು ಪಾಲನ್ನು ಒಂದೇ ಸಂಜೆಯಲ್ಲಿ ಕೊಟ್ಟುಬಿಡುತ್ತದೆ. ಆಮೇಲೆ ನೀವು ತರುವ ಶತ್ರುಗಳೆಲ್ಲ ಸಪ್ಪೆಯಾಗುತ್ತಾರೆ. ಅದರ ಬದಲು ದಿನಕ್ಕೊಮ್ಮೆ ಕಲ್ಲಿನ ಗೋಡೆಯ ಆಚೆ ಏನಿದೆ ಎಂದು ತಿಳಿಸುವ ಕೊಡಲಿ, ಬೀಳುತ್ತಿರುವ ಮಾಡನ್ನು ಒಂದು ಸುತ್ತು ತಡೆಹಿಡಿಯುವ ಕೊಡಲಿ. ಗಣಿ ಕಾದವಳ ಕೊಡಲಿಗೆ ಇವು ಒಪ್ಪುತ್ತವೆ.

ಇನ್ನೊಂದು ಲಾಭವೂ ಇದೆ. ಬಳಸುವ ಮುನ್ನ ಪಾತ್ರದ ಜತೆ ಬೆಸೆದುಕೊಳ್ಳಬೇಕಾದ (ಇದಕ್ಕೆ ಅಟ್ಯೂನ್‌ಮೆಂಟ್ ಎನ್ನುತ್ತಾರೆ) ವಸ್ತುಗಳನ್ನು ಒಂದು ಪಾತ್ರ ಒಮ್ಮೆಗೆ ಮೂರಕ್ಕಿಂತ ಹೆಚ್ಚು ಬಳಸುವಂತಿಲ್ಲ. ಹೊಸ ಹೊಸ ಸಾಮಾನು ಸುರಿಯುತ್ತಾ ಹೋದರೆ ಅರ್ಧ ಚೀಲದ ತಳ ಸೇರುತ್ತದೆ. ಹಳೆಯದೇ ಬೆಳೆದರೆ ಆ ತೊಂದರೆ ಇಲ್ಲ.

ಆಯುಧ ಹಿಡಿಯದವರಿಗೆ ಏನು ಎಂದು ಕೇಳಬಹುದು. ನಮ್ಮ ವಿಝರ್ಡ್ (ಮಂತ್ರವಾದಿ), ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವವರು, ತಮ್ಮ ಮಂತ್ರದ ಪುಸ್ತಕವನ್ನೇ ಆರಿಸಿಕೊಂಡರು. ಅದರ ಹಿಂದಿನ ಒಡೆಯ ಅಂಚಿನಲ್ಲಿ ಸಂಕೇತ ಭಾಷೆಯಲ್ಲಿ ಟಿಪ್ಪಣಿ ಬರೆದಿಟ್ಟಿದ್ದಾನೆ. ಹೊಸ ಮಂತ್ರವನ್ನು ಪುಸ್ತಕಕ್ಕೆ ಇಳಿಸಿಕೊಳ್ಳಲು ಮಂತ್ರದ ಪ್ರತಿ ಲೆವೆಲ್‌ಗೆ 50 ಚಿನ್ನದ ನಾಣ್ಯ ಮತ್ತು ಎರಡು ಗಂಟೆ ಬೇಕು ಎಂಬುದು ನಿಯಮ. ಒಂದೊಂದು ಟಿಪ್ಪಣಿಯನ್ನು ಬಿಡಿಸಿದಾಗಲೂ ಆ ಖರ್ಚಿಲ್ಲದೆ ಒಂದು ಮಂತ್ರ ದೊರೆಯುತ್ತದೆ. ಆದರೆ ಆ ಒಡೆಯ ಒಳ್ಳೆಯವನಾಗಿರಲಿಲ್ಲ ಎಂಬುದೂ ಪ್ರತಿ ಟಿಪ್ಪಣಿಯಲ್ಲಿ ಇನ್ನಷ್ಟು ಸ್ಪಷ್ಟವಾಗುತ್ತದೆ.

ಏನು ಬೇಕು ಎಂದು ಕೇಳುವುದು

ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಆತಕೂರಿನ ವೀರಗಲ್ಲು ಇದೆ. ಕಾಲ ಕ್ರಿ.ಶ. 949–50. ತಕ್ಕೋಲದ ಯುದ್ಧದಲ್ಲಿ ಚೋಳರ ವಿರುದ್ಧ ಹೋರಾಡಿದ ಮಣಲೆರ ಎಂಬ ವೀರನನ್ನು ಗಂಗರ ಇಮ್ಮಡಿ ಬೂತುಗ ಮೆಚ್ಚಿ, ಬೇಕಾದ್ದನ್ನು ಬೇಡಿಕೊಳ್ಳೆಂದು ಹೇಳುತ್ತಾನೆ. ಮಣಲೆರ ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಮುಂದೆ ಕಾಡುಹಂದಿಯೊಂದರ ಜತೆ ಹೋರಾಡಿ ಸತ್ತಿತು, ಹಂದಿಯೂ ಸತ್ತಿತು. ಕಲ್ಲು ನಿಂತದ್ದು ಆ ನಾಯಿಯ ನೆನಪಿಗೆ. ವೀರನಿಗೆ ಊರುಗಳೂ ಸಿಕ್ಕವು. ಪರಾಕ್ರಮ ಮೆಚ್ಚಿ ಕೊಡುವ ಅಂತಹ ಭೂಮಿಗೆ ಬಾಳ್ಗಚ್ಚು ಎಂಬ ಹೆಸರಿತ್ತು. ಶಾಸನ ಓದಿದವರಿಗೆ ಊರುಗಳ ಹೆಸರು ಮರೆತರೂ ನಾಯಿಯ ಹೆಸರು ಮರೆಯುವುದಿಲ್ಲ.

ಆಟದಲ್ಲಿ ದೊರೆಯೋ ಮಠದ ಹಿರಿಯಳೋ ಉಪಕಾರ ತೀರಿಸಬೇಕಾದಾಗ ನಾನು ಪೆಟ್ಟಿಗೆ ಕೊಡಿಸುವುದಿಲ್ಲ, “ಏನು ಬೇಕು ಕೇಳಿ” ಎಂದು ಹೇಳಿಸುತ್ತೇನೆ. ಆಟಗಾರರು ತಬ್ಬಿಬ್ಬಾಗುತ್ತಾರೆ. ಹೆಚ್ಚು ಕೇಳಿದರೆ ಮರ್ಯಾದೆ ಹೋಗುತ್ತದೆ, ಕಡಿಮೆ ಕೇಳಿದರೆ ನಷ್ಟ. ಪಕ್ಕದ ಮನೆಯ ನಿವೃತ್ತ ಬ್ಯಾಂಕ್ ನೌಕರರು ನಮ್ಮಲ್ಲಿ ಕ್ಲೆರಿಕ್, ಎಂದರೆ ಪುರೋಹಿತನ ಪಾತ್ರ. ಅವರು ಅರಮನೆಯ ಆನೆಯ ಮಾವುತನನ್ನು ಕೇಳಿದರು, ಆನೆಯನ್ನಲ್ಲ. “ಯಾಕೆ ರಾಯರೇ?” ಎಂದರೆ, “ಆನೆ ಸಾಕುವುದಕ್ಕೆ ಯಾರಮ್ಮ ದುಡ್ಡು ಕೊಡುತ್ತಾರೆ? ಮಾವುತನಿಗೆ ಎಲ್ಲ ಆನೆಗಳ ಭಾಷೆ ಬರುತ್ತದೆ” ಎಂದರು. ಆ ಮಾವುತ ಅವರಿಗೆ ಎಷ್ಟು ಉಪಯೋಗಕ್ಕೆ ಬಂದನೆಂದರೆ ಯಾವ ಮಾಂತ್ರಿಕ ದಂಡವೂ ಅಷ್ಟು ಬಂದಿಲ್ಲ.

ಆಟದ ಹೊರಗೆ ಕೇಳುವುದೂ ಒಂದು ರೀತಿ. 2008ರ ನಾಲ್ಕನೇ ಆವೃತ್ತಿ, ಆಟಗಾರರು ತಮಗೆ ಬೇಕಾದ ವಸ್ತುಗಳ ಪಟ್ಟಿಯನ್ನು ಡಂಜನ್ ಮಾಸ್ಟರ್‌ಗೆ ಕೊಡಲಿ ಎಂದು ಸಲಹೆ ಮಾಡಿತ್ತು. ಪಟ್ಟಿ ತೆಗೆದುಕೊಳ್ಳಿ, ಆದರೆ ಅದರಲ್ಲಿರುವುದನ್ನು ಹಾಗೆಯೇ ಪೆಟ್ಟಿಗೆಯಲ್ಲಿ ಇಡಬೇಡಿ. ಅದು ಅಂಗಡಿಯ ಚೀಟಿ ಕೊಟ್ಟು ಸಾಮಾನು ಕಟ್ಟಿಸಿಕೊಂಡ ಹಾಗಾಗುತ್ತದೆ. ವಸ್ತುವಿನ ಬದಲು ಅದರ ಸುದ್ದಿ ಕೊಡಿ: ಅಂತಹ ಪಾದರಕ್ಷೆ ಯಾರ ಬಳಿ ಇದೆ, ಅವರು ಅದನ್ನು ಏಕೆ ಬಿಟ್ಟುಕೊಡುವುದಿಲ್ಲ. ಉಳಿದದ್ದು ಆಟಗಾರರ ಪಾಡು.

ಕಚ್ಚಾ ಸಾಮಗ್ರಿ ಮತ್ತು ಕಾಲ

ಸತ್ತ ಮೃಗವೇ ಬಹುಮಾನವಾಗಬಹುದು. 2017ರ ಪೂರಕ ನಿಯಮಗಳಲ್ಲಿ ಮಾಂತ್ರಿಕ ವಸ್ತು ತಯಾರಿಸುವ ಲೆಕ್ಕ ಸರಳವಾಗಿದೆ. ವಸ್ತು ಎಷ್ಟು ಅಪರೂಪವೋ ಅದರ ಮೇಲೆ ದರ್ಜೆ. ಅನ್‌ಕಾಮನ್ ದರ್ಜೆಯದಾದರೆ ಎರಡು ವಾರ ಮತ್ತು 200 ಚಿನ್ನದ ನಾಣ್ಯ; ರೇರ್ ಆದರೆ ಹತ್ತು ವಾರ ಮತ್ತು 2,000; ವೆರಿ ರೇರ್ ಆದರೆ ಇಪ್ಪತ್ತೈದು ವಾರ ಮತ್ತು 20,000. ಇದರ ಜತೆಗೆ ತಯಾರಿಕೆಯ ಸೂತ್ರ ಬೇಕು, ಮತ್ತು ಒಂದು ಅಪರೂಪದ ಸಾಮಗ್ರಿ ಬೇಕು. ಅನ್‌ಕಾಮನ್ ವಸ್ತುವಿಗಾದರೆ ಆ ಸಾಮಗ್ರಿಗಾಗಿ ಎದುರಿಸಬೇಕಾದ ಮೃಗದ ಚಾಲೆಂಜ್ ರೇಟಿಂಗ್ (ಅದು ಎಷ್ಟು ಬಲಶಾಲಿ ಎಂಬ ಅಂಕ) 4ರಿಂದ 8ರೊಳಗೆ ಇರಬೇಕು.

ಎಳೆಯ ಬಿಳಿ ಡ್ರ್ಯಾಗನ್‌ನ ರೇಟಿಂಗ್ 6. ಅದರ ಚರ್ಮದಿಂದ ಹಿಮದಲ್ಲಿ ಜಾರದ, ಚಳಿಯ ಪೆಟ್ಟನ್ನು ಅರ್ಧಕ್ಕೆ ಇಳಿಸುವ ಬೂಟ್ಸ್ ಆಫ್ ದ ವಿಂಟರ್‌ಲ್ಯಾಂಡ್ಸ್ ಮಾಡಿಸಬಹುದು. ಅವು ಅನ್‌ಕಾಮನ್ ದರ್ಜೆಯವು. ಡ್ರ್ಯಾಗನ್ ಮೈಯ ಕವಚವೇ ಬೇಕೆಂದು ನಮ್ಮ ಯೋಧ ಹಟ ಹಿಡಿದ. ಅದು ವೆರಿ ರೇರ್, ಎಂದರೆ ಸುಮಾರು ಆರು ತಿಂಗಳ ಕೆಲಸ. ಅಷ್ಟರಲ್ಲಿ ನಾವು ಬೆನ್ನಟ್ಟುತ್ತಿದ್ದ ಸೇನೆ ಕಣಿವೆ ದಾಟಿರುತ್ತದೆ.

ಇಲ್ಲಿ ಬಿಗಿಯಾಗಿ ಹಿಡಿಯಬೇಕಾದದ್ದು ಹಣವನ್ನಲ್ಲ, ಕ್ಯಾಲೆಂಡರನ್ನು. ಕಾಲ ಓಡದ ಆಟದಲ್ಲಿ ಎರಡು ವಾರ ಎಂಬುದಕ್ಕೆ ಬೆಲೆಯೇ ಇಲ್ಲ, “ಎರಡು ವಾರ ಕಾಯುತ್ತೇವೆ” ಎಂದುಬಿಡುತ್ತಾರೆ. ಒಂದು ಹಾಳೆಯಲ್ಲಿ ಆಟದ ತಿಂಗಳನ್ನು ಬರೆದು ಎಲ್ಲರಿಗೂ ಕಾಣುವಂತೆ ಮೇಜಿನ ನಡುವೆ ಇಡಿ. ಶತ್ರುಗಳು ಯಾವ ದಿನ ಎಲ್ಲಿರುತ್ತಾರೆ ಎಂಬುದನ್ನು ಮಾತ್ರ ನಿಮ್ಮ ಬಳಿ ಇಟ್ಟುಕೊಳ್ಳಿ. ಚರ್ಮ ಒಂದೇ, ಬೂಟು ಒಂದೇ ಜೊತೆ, ಪಾತ್ರಗಳು ನಾಲ್ಕು. ಯಾರಿಗೆ ಎಂಬುದನ್ನು ಅವರೇ ಇತ್ಯರ್ಥ ಮಾಡಿಕೊಳ್ಳಲಿ.

ಮಾಂತ್ರಿಕವಲ್ಲದ ಸುಧಾರಣೆಗಳನ್ನೂ ಮರೆಯಬೇಡಿ. 2014ರ ನಿಯಮದಲ್ಲಿ ಆಯುಧಕ್ಕೆ ಬೆಳ್ಳಿ ಲೇಪಿಸಲು 100 ಚಿನ್ನದ ನಾಣ್ಯ. ಒಳ್ಳೆಯ ದೂರದರ್ಶಕಕ್ಕೆ 1,000, ಎಂದರೆ ಬಡ ಸಾಹಸಿಗರ ಪಾಲಿಗೆ ಅದೊಂದು ಆಸ್ತಿ. ಕೃತಜ್ಞನಾದ ನಾವಿಕನೊಬ್ಬ ಸೊಂಟದಿಂದ ತೆಗೆದು ಕೊಟ್ಟರೆ ಆ ದೂರದರ್ಶಕ ಮಾಂತ್ರಿಕ ಉಂಗುರಕ್ಕಿಂತ ಹೆಚ್ಚು ಸಲ ಹೊರಬರುತ್ತದೆ.

ಎರವಲು, ರಶೀದಿ ಸಮೇತ

ದೊಡ್ಡ ವಸ್ತು ಕೊಟ್ಟರೆ ಆಟದ ಸಮತೋಲ ಕೆಡುತ್ತದೆ ಎಂಬ ಭಯವಿದ್ದರೆ ಕೊಡಬೇಡಿ, ಎರವಲು ಕೊಡಿ. ನಗರದ ಉಗ್ರಾಣದಿಂದ 1,500 ನಾಣ್ಯದ ಪೂರ್ಣ ಉಕ್ಕಿನ ಕವಚವನ್ನು ಒಂದು ಕಾರ್ಯಾಚರಣೆಗೆ ಮಾತ್ರ ಬಿಡುಗಡೆ ಮಾಡಿಸಿ. ಹಿಮದೈತ್ಯರ ಮೇಲೆ ದಾಳಿಗೆ ಹೊರಟವರಿಗೆ, ಹೊಡೆದಾಗಲೆಲ್ಲ ಎರಡು ಆರುಮುಖದ ದಾಳದಷ್ಟು ಬೆಂಕಿಯ ಪೆಟ್ಟು ಸೇರಿಸುವ ಫ್ಲೇಮ್ ಟಂಗ್ ಖಡ್ಗವನ್ನು ದೇವಾಲಯವೊಂದು ಹತ್ತು ದಿನಕ್ಕೆ ಕೊಡಲಿ. ಐದನೇ ಲೆವೆಲ್‌ನ ಪಾತ್ರದ ಕೈಗೆ ಅಂತಹದ್ದು ಶಾಶ್ವತವಾಗಿ ಬಂದರೆ ಪ್ರತಿ ಕದನವೂ ಅದರ ಸುತ್ತಲೇ ಸುತ್ತುತ್ತದೆ. ಹತ್ತು ದಿನಕ್ಕಾದರೆ ಹಬ್ಬ.

ನಾನು ನಿಜವಾಗಿಯೂ ರಶೀದಿ ಬರೆದು ಸಹಿ ಹಾಕಿಸಿಕೊಳ್ಳುತ್ತೇನೆ. ವಸ್ತುವಿನ ವಿವರ, ಈಗಿನ ಸ್ಥಿತಿ, ಹಿಂದಿರುಗಿಸಬೇಕಾದ ದಿನ, ಹಾನಿಯಾದರೆ ಯಾರು ಹೊಣೆ. ನನ್ನ ತಮ್ಮನ ಮಗಳು, ನಮ್ಮ ಗುಂಪಿನಲ್ಲಿ ಕಳ್ಳಿಯ ಪಾತ್ರ ವಹಿಸುವವಳು, “ಅತ್ತೆ, ಇದು ಆಟವೋ ಆಡಿಟ್ಟೋ?” ಎಂದು ರೇಗುತ್ತಾಳೆ. ಆದರೆ ಗಡುವು ಹತ್ತಿರವಾದಂತೆ ಅವಳೇ ಎಲ್ಲರಿಗಿಂತ ಮೊದಲು ಆ ಕಾಗದವನ್ನು ಬಿಡಿಸಿ ‘ಕಳೆದುಹೋದರೆ’ ಎಂಬ ಸಾಲನ್ನು ಓದಿದ್ದು. ಹಿಂದಿರುಗಿಸದೆ ಓಡಿದರೆ ಅದೂ ಒಳ್ಳೆಯ ಕಥೆ: ಇಷ್ಟು ದಿನ ಸಹಾಯ ಮಾಡಿದ ದೇವಾಲಯವೇ ಬೆನ್ನಟ್ಟುತ್ತದೆ. ಎರಡೂ ನಿಮಗೆ ಒಪ್ಪಿಗೆಯಾಗಿರಬೇಕು. ಹಿಂದಿರುಗಿಸಲೇಬೇಕು ಎಂದು ಮನಸ್ಸಿನಲ್ಲಿ ತೀರ್ಮಾನಿಸಿಕೊಂಡಿದ್ದರೆ ಎರವಲು ಕೊಡಬೇಡಿ.

ಇದರ ಸೋದರಿಯೇ ಹಕ್ಕುಪತ್ರ. ಪರಿಚಯ ಪತ್ರ, ಪದಕ, ತುಂಡು ಭೂಮಿ, ಬಿರುದು ಇವನ್ನೆಲ್ಲ ಕೈಪಿಡಿಯೇ ಬಹುಮಾನವೆಂದು ಪಟ್ಟಿ ಮಾಡಿದೆ. ಸಾಮಾನಿನ ಲೆಕ್ಕದಲ್ಲಿ ನನಗೆ ಇಷ್ಟವಾದದ್ದು ಕುದುರೆಲಾಯದ ಮುದ್ರೆ: ರಾಜ್ಯದ ಯಾವ ಊರಿನ ಲಾಯದಲ್ಲಿಯೂ ನಾಲ್ಕು ಸವಾರಿ ಕುದುರೆ ಬದಲಿಸಿಕೊಳ್ಳಬಹುದು. ಒಂದೊಂದು ಕುದುರೆಗೆ 75 ನಾಣ್ಯ ಎಂದು ಲೆಕ್ಕ ಹಾಕಿದರೆ ಅದೇನೂ ಸಣ್ಣ ಮೊತ್ತವಲ್ಲ, ಆದರೆ ಆ ಮುದ್ರೆಯನ್ನು ಮಾರಲು ಬರುವುದಿಲ್ಲ, ಅದನ್ನು ಕೊಟ್ಟ ದೊರೆ ಪದಚ್ಯುತನಾದರೆ ಅದು ಬರೀ ತಗಡು. 2024ರ ಕೈಪಿಡಿಯಲ್ಲಿ ಐದನೇ ಲೆವೆಲ್‌ನಿಂದ ಪಾತ್ರಗಳಿಗೆ ಸ್ವಂತ ನೆಲೆ ಕೊಡುವ ನಿಯಮಗಳಿವೆ. ಕಮ್ಮಾರಶಾಲೆ ಇಟ್ಟುಕೊಂಡು ಸಾಮಾನು ಮಾಡಿಸಿಕೊಳ್ಳಬಹುದು. ಮನೆ ಕಟ್ಟುವ ಹುಚ್ಚಿರುವ ಆಟಗಾರರಿದ್ದರೆ ಅದು ಚೆನ್ನ. ನಮ್ಮವರಿಗೆ ಊರು ಬಿಟ್ಟು ಊರು ತಿರುಗುವ ಹುಚ್ಚು.

ಹಿಡಿಯಲಾಗದ್ದು, ಹೆಸರಿಲ್ಲದ್ದು

ವಸ್ತುವಿನ ಗುಣವನ್ನು ವಸ್ತುವಿಲ್ಲದೆ ಕೊಡಬಹುದು. ಕೈಪಿಡಿಯಲ್ಲಿ ಚಾರ್ಮ್ ಎಂಬ ವರಗಳಿವೆ. ಒಂದು, ಎತ್ತರದಿಂದ ಬಿದ್ದರೂ ಗರಿಯಂತೆ ಇಳಿಸುವ ಉಂಗುರದ ಗುಣವನ್ನು ಹತ್ತು ದಿನ ಕೊಟ್ಟು ಮಾಯವಾಗುತ್ತದೆ. ಇನ್ನೊಂದು, ಮೃಗಗಳನ್ನು ಕರೆಯುವ ಮಂತ್ರವನ್ನು ಮೂರು ಸಲ ಬಳಸಲು ಬಿಡುತ್ತದೆ. ಅಟ್ಯೂನ್‌ಮೆಂಟ್ ಬೇಡ, ಮಾರಲಾಗದು, ಕದಿಯಲಾಗದು. ಮುಗಿದುಹೋಗುತ್ತದೆ ಎಂಬ ಕಾರಣಕ್ಕೇ ಆಟಗಾರರು ಅದನ್ನು ಯೋಚಿಸಿ ಬಳಸುತ್ತಾರೆ. ಶಾಶ್ವತವಾದ ಆಶೀರ್ವಾದಗಳೂ ಇವೆ. ಪಾತ್ರದ ಮಾಮೂಲಿ ಆಯುಧವೊಂದು ಅವರ ಕೈಯಲ್ಲಿರುವಷ್ಟು ಹೊತ್ತು ಮಾತ್ರ +1 ಆಗುವುದು ಅವುಗಳಲ್ಲೊಂದು.

ಹೆಸರಿಲ್ಲದ ಸಾಮಾನಿನ ಉಪಾಯವನ್ನು ನಾನು 2017ರ ಬ್ಲೇಡ್ಸ್ ಇನ್ ದ ಡಾರ್ಕ್ ಆಟದಿಂದ ತಂದೆ. ಅಲ್ಲಿ ಕಳ್ಳರು ಕೆಲಸಕ್ಕೆ ಹೊರಡುವಾಗ ಏನೇನು ಒಯ್ಯುತ್ತೇವೆ ಎಂದು ಬರೆಯುವುದಿಲ್ಲ, ಎಷ್ಟು ಹೊರೆ ಎಂದಷ್ಟೇ ಹೇಳುತ್ತಾರೆ: ಹಗುರವಾದರೆ ಮೂರು, ಸಾಧಾರಣವಾದರೆ ಐದು, ಭಾರವಾದರೆ ಆರು. ಹಗ್ಗ ಬೇಕಾದ ಕ್ಷಣಕ್ಕೆ “ನನ್ನ ಬಳಿ ಹಗ್ಗವಿದೆ” ಎಂದರಾಯಿತು. ಇದನ್ನು ಬಹುಮಾನವಾಗಿಸುವುದು ಸುಲಭ. ಜೀವ ಉಳಿಸಿಕೊಂಡ ವ್ಯಾಪಾರಿ ಮೊಹರು ಮಾಡಿದ ಪೊಟ್ಟಣ ಕೊಡುತ್ತಾಳೆ: “ಕಷ್ಟ ಬಂದಾಗ ಬಿಚ್ಚಿ.” ನಿಮ್ಮ ಪುಸ್ತಕದಲ್ಲಿ ‘100 ನಾಣ್ಯದವರೆಗಿನ ಯಾವುದೇ ಮಾಮೂಲಿ ಸಾಮಾನು’ ಎಂದು ಬರೆದಿಡಿ. ಬಿಚ್ಚಿದಾಗ ಒಳಗೆ ಏನಿದೆ ಎಂದು ಹೇಳುವವರು ಆಟಗಾರರು. ಪೊಟ್ಟಣದ ಗಾತ್ರ ಮಾತ್ರ ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಕಳ್ಳಿಯ ಪಾತ್ರದವಳು ಅದರೊಳಗಿಂದ ಏಣಿ ತೆಗೆಯುತ್ತಾಳೆ.

ಮಾಂತ್ರಿಕ ವಸ್ತುವನ್ನೇ ಕೊಡಬೇಕೆಂದಿದ್ದರೆ ಆಯುಧಕ್ಕಿಂತ ವಿಚಿತ್ರವಾದ ಉಪಕರಣ ಮೇಲು. ಎರಡು ಗ್ಯಾಲನ್ ಮೇಯನೇಸ್ ಸುರಿಸಬಲ್ಲ ಜಾಡಿ ನಿಯಮ ಪುಸ್ತಕದಲ್ಲೇ ಇದೆ, ಮತ್ತು ಅದು ಕೋಟೆಯ ಮೆಟ್ಟಿಲ ಮೇಲೆ ಒಂದು ಇಡೀ ಕಾವಲು ಪಡೆಯನ್ನು ಜಾರಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. 8,000 ಪೌಂಡ್ ಭಾರ ಹೊರುವ, ಗುಂಡಿ ಒತ್ತಿದರೆ ಗಾಳಿಯಲ್ಲೇ ನಿಂತುಬಿಡುವ ಕಬ್ಬಿಣದ ಸರಳು ಇನ್ನೊಂದು. ಭೌತಶಾಸ್ತ್ರದವರಿಗೆ ಅದನ್ನು ಕೊಡುವ ಮುನ್ನ ಯೋಚಿಸಿ. ಭೂಮಿ ತಿರುಗುತ್ತಿರುವಾಗ ಯಾವುದಕ್ಕೆ ಹೋಲಿಸಿ ನಿಶ್ಚಲ ಎಂದು ಅವರು ಕೇಳಿಯೇ ಕೇಳುತ್ತಾರೆ.

ಪುಸ್ತಕ ಮತ್ತು ಉಯಿಲು

ಇಷ್ಟೆಲ್ಲ ಬಗೆಯಲ್ಲಿ ಕೊಡುವಾಗ ಯಾರಿಗೆ ಎಷ್ಟು ಹೋಯಿತು ಎಂಬುದು ಕಣ್ತಪ್ಪುತ್ತದೆ. ನಾಲ್ಕು ಕಾಲಂ ಸಾಕು: ವಸ್ತು, ಯಾರ ವಶದಲ್ಲಿದೆ, ಯಾರಿಂದ ಬಂತು, ಅವರಿಗೆ ಏನು ಬಾಕಿ. ಒಬ್ಬರ ಹೆಸರು ಬಹಳ ದಿನ ಬರದಿದ್ದರೆ ಮುಂದಿನದು ಅವರದು. ‘ಯಾರಿಂದ’ ಎಂಬಲ್ಲಿ ಬರೀ ಹೆಣಗಳೇ ಇದ್ದರೆ ನೀವು ಮತ್ತೆ ಪೆಟ್ಟಿಗೆಗೆ ಮರಳಿದ್ದೀರಿ.

ಪಾತ್ರ ಸತ್ತಾಗ ಅದರ ಸಾಮಾನು ಏನಾಗಬೇಕು ಎಂಬುದನ್ನೂ ಮೊದಲೇ ಗೊತ್ತುಮಾಡಿ. ಮಾಮೂಲಿಯಾಗಿ ಉಳಿದವರು ಹಂಚಿಕೊಳ್ಳುತ್ತಾರೆ, ಸತ್ತವರ ಜಾಗಕ್ಕೆ ಬಂದ ಹೊಸ ಪಾತ್ರ ಮತ್ತೊಂದು ಚೀಲ ಹೊತ್ತು ತರುತ್ತದೆ, ಗುಂಪಿನ ಬಳಿ ಸಾಮಾನು ಇಮ್ಮಡಿಯಾಗುತ್ತದೆ. ನಾನು ಮೂರನೇ ಲೆವೆಲ್‌ನಲ್ಲಿ ಎಲ್ಲರಿಂದಲೂ ಉಯಿಲು ಬರೆಸಿಕೊಳ್ಳುತ್ತೇನೆ. ವಸ್ತುಗಳಲ್ಲಿ ಕನಿಷ್ಠ ಒಂದಾದರೂ ಗುಂಪಿನ ಹೊರಗಿನವರಿಗೆ ಹೋಗಬೇಕು ಎಂಬುದು ಷರತ್ತು. ಅದನ್ನು ತಲುಪಿಸುವ ಪ್ರಯಾಣದಲ್ಲಿ ಹೊಸ ಪಾತ್ರ ಗುಂಪನ್ನು ಸೇರುತ್ತದೆ. ಉಯಿಲಿನ ವಾರಸುದಾರರೇ ಹೊಸ ಪಾತ್ರವಾದರೂ ಸರಿ, ಆಗ ಚೀಲದ ಲೆಕ್ಕ ತಾನಾಗಿ ಹೊಂದುತ್ತದೆ. ತಮ್ಮನ ಮಗಳು 500 ಪೌಂಡ್ ಹಿಡಿಸುವ ತನ್ನ ಬ್ಯಾಗ್ ಆಫ್ ಹೋಲ್ಡಿಂಗ್ ಎಂಬ ಮಾಂತ್ರಿಕ ಚೀಲವನ್ನು, ಅವಳು ಮೂರು ಊಟದ ಬಾಕಿ ಇಟ್ಟಿರುವ ಛತ್ರದ ಯಜಮಾನಿಗೆ ಬರೆದಿದ್ದಾಳೆ. ರಾಯರು ಸಾಕ್ಷಿ ಸಹಿ ಹಾಕುವ ಮೊದಲು ಬ್ಯಾಗಿನೊಳಗೆ ಈಗ ಏನೇನಿದೆ ಎಂಬುದರ ಪಟ್ಟಿ ಕೇಳಿದ್ದಾರೆ, ಅವಳು ಇನ್ನೂ ಕೊಟ್ಟಿಲ್ಲ.